ಹಸಿಗೊಂಬೆ

ಇಕೊರೊಡು
ಜೂನ್ ೯

ಅಕ್ಕಾ,

ಕಾಗದಕ್ಕೆ ಮೆಣಸಿನಕಾಯಿಯ ಘಾಟು ಹತ್ತಿದ್ದರೆ ಬೈಯಬೇಡ. ನಮ್ಮ ಬೀದಿಯ ಇಯಾ ಸುಲಿಯಾ ವಾರ ವಾರ ನಿಮ್ಮ ಇಬಾದಾನಿನ ಬೋಡಿಜಾ ಸಂತೆಗೆ ಮೆಣಸಿನಕಾಯಿ ತರಲು ಬರುತ್ತಾಳಲ್ಲ, ಅವಳ ಖಾಲಿ ಚೀಲದ ತಳದಲ್ಲಿ ಇದು ಬರುತ್ತದೆ. ನೀನು ಉತ್ತರ ಕೊಟ್ಟರೆ ತುಂಬಿದ ಚೀಲದಲ್ಲಿ ಬಂದು ಮುಟ್ಟುತ್ತದೆ.

ನನ್ನ ಬಳಿ ಫೋನಿಲ್ಲ. ಮಗು ಕೆಹಿಂದೆ ದಡಾರದಿಂದ ತೀರಿಹೋದ ಮೇಲೆ ಎಲ್ಲರೂ ಫೋನು ಮಾಡಿ ಅಳುತ್ತಿದ್ದರು, ಅವರ ಜೊತೆ ನಾನೂ ಅಳುತ್ತಿದ್ದೆ. ಇವರು "ಸ್ವಲ್ಪ ದಿನ ಬೇಡ" ಎಂದು ತೆಗೆದು ಬೀರುವಿನಲ್ಲಿಟ್ಟರು. ಗೇಟಿಗೂ ಬೀಗ. ದಡಾರವನ್ನು ಮನೆಗೆ ಬಂದುಹೋದವರೇ ಬಟ್ಟೆಯಲ್ಲಿ ಹೊತ್ತು ತಂದರು ಎನ್ನುವುದು ಇವರ ತೀರ್ಮಾನ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಜಡಿದು ಹೋಗುತ್ತಾರೆ. ಭಾನುವಾರ ಚರ್ಚಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಂದ ನಾನೊಬ್ಬಳೇ ಆದರೆ ಓಡಿ ಬಸ್ಸು ಹತ್ತಬಹುದು. ಆದರೆ ಉಳಿದ ಮಗ ತಾಯ್ವೋ ಇಡೀ ಹೊತ್ತು ಇವರ ಹೆಗಲ ಮೇಲಿರುತ್ತಾನೆ. ಅವನನ್ನು ಬಿಟ್ಟು ಎಲ್ಲಿಗೆ ಓಡಲಿ?

ಗೇಟಿನ ಸಂದಿಯಿಂದ ಮೆಣಸಿನಕಾಯಿ ಕೊಡುವಾಗ ಇಯಾ ಸುಲಿಯಾ ಇವತ್ತಿಗೂ ನನ್ನನ್ನು ಇಯಾ ಇಬೇಜಿ ಎಂದೇ ಕರೆಯುತ್ತಾಳೆ. ಅವಳಿಗಳ ತಾಯಿ. ಒಂದು ಮಗು ಹೋದರೂ ಆ ಹೆಸರು ಹೋಗುವುದಿಲ್ಲ. ಹೆತ್ತವರು ಮಗುವನ್ನು ಹೂಳುವ ಜಾಗ ನೋಡಬಾರದು ಎಂದು ಗಂಡಸರು ಅವನನ್ನು ಎತ್ತಿಕೊಂಡು ಹೋದರು, ಕೈ ತೊಳೆದುಕೊಂಡು ಬಂದರು. ಎಲ್ಲಿ ಎಂದು ನನಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ಮೂರು ವರ್ಷ ಎರಡು ಕಂಕುಳಲ್ಲಿ ಎರಡು ಮಕ್ಕಳನ್ನು ಹೊತ್ತವಳು ನಾನು, ಈಗ ನಡೆಯುವಾಗ ಒಂದು ಕಡೆಗೆ ವಾಲುತ್ತೇನೆ.

ಅಜ್ಜಿಯ ಕಾಲವಾಗಿದ್ದರೆ ಮರದ ಗೊಂಬೆ ಕೆತ್ತಿಸಿ, ಹೋದ ಮಗು ಇದೇ ಎಂದು ಮೀಯಿಸಿ, ಉಣಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಆ ಮಾತೆತ್ತಿದ್ದಕ್ಕೇ ತಾನೇ ಇವರು ಅವತ್ತು ನಿನ್ನನ್ನು ಗೇಟಿನಾಚೆ ಕಳಿಸಿದ್ದು? ಆದರೆ ನೀನು ಮಾಡುವುದು ಮದುವೆ ಕೇಕಿನ ಗೊಂಬೆ. ಅದನ್ನು ನೋಡಿದರೆ ಯಾರೂ ವಿಗ್ರಹ ಅನ್ನುವುದಿಲ್ಲ. ನನಗೊಂದು ಕೆಹಿಂದೆಯನ್ನು ಮಾಡಿ ಕಳಿಸು.

ನಿನ್ನ ತಂಗಿ,
ಅಜೋಕೆ


ಇಬಾದಾನ್
ಜೂನ್ ೧೭

ಅಜೋಕೆ,

ಮೊದಲು ಸೀನಿದೆ, ಆಮೇಲೆ ಅತ್ತೆ. ಎರಡಕ್ಕೂ ಕಣ್ಣೀರು ಒಂದೇ ಆದ್ದರಿಂದ ಅಂಗಡಿಯಲ್ಲಿದ್ದ ಗಿರಾಕಿಗೆ ಸಂಶಯ ಬರಲಿಲ್ಲ.

ಮಾಡಲು ಕುಳಿತೆ. ಇಷ್ಟು ವರ್ಷದಿಂದ ಕೇಕಿನ ನೆತ್ತಿಯ ಮೇಲೆ ಗಂಡು ಹೆಣ್ಣು ನಿಲ್ಲಿಸುತ್ತಿದ್ದೇನೆ. ಸೊಂಟದಲ್ಲಿ ಉಳಿಸಿದ್ದನ್ನು ಎದೆಗೆ ಖರ್ಚು ಹಾಕು ಎನ್ನುವ ವಧುಗಳನ್ನು ಕಂಡಿದ್ದೇನೆ, ಬೋಳುತಲೆಗೆ ನಾಲ್ಕು ಕೂದಲು ಜಮಾ ಮಾಡು ಎನ್ನುವ ವರರನ್ನೂ ಕಂಡಿದ್ದೇನೆ. ಯಾವ ಮುಖವೂ ನನ್ನ ಬೆರಳಿಗೆ ಎದುರು ನಿಂತದ್ದಿಲ್ಲ. ಇವನದು ನಿಂತಿತು. ಎಷ್ಟು ತಿದ್ದಿದರೂ ಯಾರೋ ಮದುಮಗ ನನ್ನನ್ನು ನೋಡುತ್ತಾನೆ. ನಾನು ಅವನನ್ನು ನೋಡಿದ್ದು ಹಬ್ಬ ಹರಿದಿನಕ್ಕೆ, ಅದೂ ಅವನು ಓಡುತ್ತಿರುವಾಗ. ನೀನು ಅವನನ್ನು ನಿದ್ದೆಯಲ್ಲೂ ನೋಡಿದವಳು. ಅದಕ್ಕೇ ಗೊಂಬೆ ಕಳಿಸುತ್ತಿಲ್ಲ, ಕ್ಲೇ ಕಳಿಸುತ್ತಿದ್ದೇನೆ. ನೀನೇ ಮಾಡು.

ಪಾಲಿಮರ್ ಕ್ಲೇ ಎನ್ನುತ್ತಾರೆ, ಹೆಸರಿಗೆ ಮಾತ್ರ ಜೇಡಿಮಣ್ಣು. ಒಳಗೆ ಮಣ್ಣಿನ ಕಣವೂ ಇಲ್ಲ, ಪ್ಲಾಸ್ಟಿಕ್ಕಿನ ಹಿಟ್ಟನ್ನು ಎಣ್ಣೆಯಂಥದ್ದರಲ್ಲಿ ಕಲಸಿದ್ದು. ನೀರು ಹಾಕಬೇಡ. ಗಾಳಿಗೆ ಒಣಗೀತು ಎಂದು ಹೆದರಬೇಡ, ಓವನ್ನಿಗೆ ಹೋಗುವ ತನಕ ವರ್ಷ ಕಳೆದರೂ ಹಸಿಯಾಗಿಯೇ ಇರುತ್ತದೆ. ಅಂಗಡಿಯವನು ಮೆತ್ತನೆ ಜಾತಿಯದನ್ನು ದಾಟಿಸಲು ನೋಡಿದ. ಅದು ನಾದುವುದಕ್ಕೆ ಸುಖ, ಆದರೆ ನಮ್ಮ ಸೆಕೆಗೆ ಮೂಗು ತಿದ್ದುವಷ್ಟರಲ್ಲಿ ಕೆನ್ನೆ ಕುಸಿಯುತ್ತದೆ. ನಾನು ಕಳಿಸಿದ್ದು ಬಿಗಿಯಾದದ್ದು. ಮೊದಲು ಅಂಗೈ ನೋಯುತ್ತದೆ, ಆಮೇಲೆ ಎಳೆದ ಗೆರೆ ಎಳೆದಲ್ಲೇ ನಿಲ್ಲುತ್ತದೆ. ಪೊಟ್ಟಣ ಒಡೆಯುವ ಮುಂಚೆ ಹೆಬ್ಬೆರಳಿನಿಂದ ಒತ್ತಿ ನೋಡು. ಬೆರಳು ಒಳಗಿಳಿದರೆ ಒಳ್ಳೆಯದು. ಹಳಸಿದ ಬ್ರೆಡ್ಡಿನ ಹಾಗೆ ಉದುರಿದರೆ ಬಂದರಿನ ಬಿಸಿಲಲ್ಲೇ ಅರೆಬೆಂದಿದೆ ಎಂದು ಲೆಕ್ಕ, ಎಸೆದುಬಿಡು.

"ಚರ್ಮದ ಬಣ್ಣ" ಎಂದು ಬರೆದ ಪೊಟ್ಟಣ ಹಂದಿಮರಿಯ ಗುಲಾಬಿ ಬಣ್ಣದ್ದು, ಅದನ್ನು ಕಳಿಸಿಲ್ಲ. ಕಂದು ಇದೆ, ಸಾಸಿವೆ ಹಳದಿ ಇದೆ, ಚೂರು ಕೆಂಪು ಇದೆ. ಬಿಳಿ ಬೆರೆಸಬೇಡ, ಬೂದಿ ಬಳಿದಂತಾಗುತ್ತದೆ. ಕಲಸಿದ್ದನ್ನು ನಿನ್ನ ಮೊಣಕೈಗೆ ಹಿಡಿದು ನೋಡು. ಅವನು ನಿನ್ನ ಬಣ್ಣವೇ. ಒಳಗೆ ಅಲ್ಯೂಮಿನಿಯಂ ಹಾಳೆಯ ಮುದ್ದೆ ಇಟ್ಟು ಅದರ ಮೇಲೆ ಮೆತ್ತು, ಬರೀ ಕ್ಲೇ ದಪ್ಪಗಿದ್ದರೆ ಒಳಗೆ ಬೇಯದೆ ಬಿರಿಯುತ್ತದೆ. ಹಸಿಯದನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿಡಬೇಡ, ತಟ್ಟೆಯನ್ನೇ ತಿಂದುಹಾಕುತ್ತದೆ. ಅದಕ್ಕೆಂದೇ ಒಂದು ಟೈಲ್ಸು ಹಾಕಿದ್ದೇನೆ.

ಇಯಾ ಸುಲಿಯಾ "ಇದೇನಮ್ಮಾ, ಮೆಣಸಿನಕಾಯಿಗಿಂತ ಭಾರ?" ಎಂದಳು. "ಸೋಪು" ಎಂದೆ. "ಅಷ್ಟೊಂದು ಕೊಳೆಯಾಗಿದಾಳಾ ನಿನ್ನ ತಂಗಿ?" ಎಂದಳು. ಒಳ್ಳೆಯ ಹೆಂಗಸು, ಬಾಯಿ ಮಾತ್ರ ಅವಳ ಸರಕಿನ ಹಾಗೆ.

ದೂರವಿದ್ದರೂ ನಿನ್ನವಳೇ,
ಬೋಸೆಡೆ


ಇಕೊರೊಡು
ಜುಲೈ ೪

ಅಕ್ಕಾ,

ಒಂದು ಕಂದು ಪೊಟ್ಟಣ ಉದುರಿತು, ಉಳಿದವು ಚೆನ್ನಾಗಿವೆ. ನೀನು ಹೇಳಿದ್ದರೂ ಮೊದಲ ದಿನ ಮರೆತು ಚಿಕ್ಕ ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟೆ. ತೆಗೆಯಲು ಹೋದರೆ ತಟ್ಟೆ ಅಂಟಂಟಾಗಿ ಕಚ್ಚಿಕೊಂಡಿತ್ತು. ಇವರು ಕೇಳಿದರೆ ಬಿಸಿ ಪಾತ್ರೆ ಇಟ್ಟೆ ಎನ್ನುತ್ತೇನೆ.

ಬಚ್ಚಲುಮನೆಯಲ್ಲಿ ಕೂತು ಮಾಡುತ್ತೇನೆ. ಈ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು ಅದೊಂದೇ. ಬಕೆಟ್ಟಿನ ಮುಚ್ಚಳದ ಮೇಲೆ ಟೈಲ್ಸು, ಬಾಟಲಿಯೇ ಲಟ್ಟಣಿಗೆ, ಕಣ್ಣು ಬಿಡಿಸಲು ಹೊಲಿಗೆ ಸೂಜಿ. ತಾಯ್ವೋ ಹೊರಗಿನಿಂದ ಬಾಗಿಲು ಬಡಿಯುತ್ತಾನೆ. "ಅಮ್ಮಾ, ಇನ್ನೂ ಎಷ್ಟು ಸ್ನಾನ?" ಎನ್ನುತ್ತಾನೆ. ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸುತ್ತೇನೆ.

ಮರದ ಗೊಂಬೆಗಳಲ್ಲಿ ಮಗುವನ್ನು ಮಗುವಾಗಿ ಕೆತ್ತುತ್ತಿರಲಿಲ್ಲ, ಬೆಳೆದ ಗಂಡಸಿನ ಹಾಗೆ ಕೆತ್ತುತ್ತಿದ್ದರಲ್ಲ? ಹಾಗೇ ಮಾಡಲು ಹೊರಟೆ, ಆದರೆ ಬೆಳೆದ ಕೆಹಿಂದೆಯನ್ನು ನಾನೆಲ್ಲಿ ನೋಡಿದ್ದೇನೆ? ಮೂರು ದಿನ ಇವರು ಊಟಕ್ಕೆ ಕೂತಾಗ ದವಡೆ ಹೇಗೆ ತಿರುಗುತ್ತದೆ, ಹುಬ್ಬಿನ ಮೂಳೆ ಎಲ್ಲಿ ಏಳುತ್ತದೆ ಎಂದು ನೋಡಿದೆ. ತಿಂಗಳುಗಳಿಂದ ಇವರ ಮುಖವನ್ನು ನಾನು ನೋಡಿರಲಿಲ್ಲ ಅಕ್ಕಾ. "ಏನು ನೋಡ್ತಿದೀಯ?" ಎಂದರು. "ಉಪ್ಪು ಸರಿಯಿದೆಯಾ ಅಂತ" ಎಂದೆ.

ದವಡೆ ಇವರದು, ಕೆನ್ನೆ ಮಗುವಿನದು. ಬೇರೆ ಯಾರಿಗೂ ಅವನು ಅನ್ನಿಸಲಿಕ್ಕಿಲ್ಲ, ಆದರೆ ಅವನೇ.

ಅಜೋಕೆ


ಇಬಾದಾನ್
ಜುಲೈ ೧೫

ಅಜೋಕೆ,

ಹಾಗಿದ್ದರೆ ತಡ ಮಾಡಬೇಡ, ಬೇಯಿಸಿಬಿಡು. ಹಸಿ ಕ್ಲೇ ಎಂದರೆ ಸಹಿ ಹಾಕದ ರಸೀದಿ. ಕೈಯಲ್ಲಿರುತ್ತದೆ, ಆದರೆ ನಿನ್ನದಲ್ಲ.

ಗ್ಯಾಸ್ ಓವನ್ನಿನ ಮುಳ್ಳನ್ನು ನಂಬಬೇಡ, ಅದು ನಮ್ಮೂರ ಟ್ಯಾಕ್ಸಿಯ ಮೀಟರಿನ ಹಾಗೆ, ಅಲಂಕಾರಕ್ಕೆ ಇರುವುದು. ಚೀಲದಲ್ಲಿ ಓವನ್ನಿನ ಥರ್ಮಾಮೀಟರು ಇದೆ. ನೂರ ಮೂವತ್ತಕ್ಕೆ ನಿಂತ ಮೇಲೆ ಟೈಲ್ಸಿನ ಸಮೇತ ಇಡು. ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿಯಾದರೂ ಚಿಂತೆಯಿಲ್ಲ, ಕಡಿಮೆಯಾದರೆ ಮಾತ್ರ ಮುಂದೊಂದು ದಿನ ಕತ್ತು ಮುರಿಯುತ್ತದೆ. ಉರಿ ಏರಿದರೆ ಕೆಟ್ಟ ಹೊಗೆ ಬರುತ್ತದೆ, ಕಿಟಕಿ ತೆಗೆದಿಡು. ಅದೇ ಹೊತ್ತಿಗೆ ತಿನ್ನುವುದೇನನ್ನೂ ಒಳಗಿಡಬೇಡ. ಆಫ್ ಮಾಡಿ ತಣ್ಣಗಾಗುವ ತನಕ ಮುಟ್ಟಬೇಡ, ಬಿಸಿಯಲ್ಲಿ ಇನ್ನೂ ಬಾಗುತ್ತದೆ. ಆಮೇಲೆ ಮೀಯಿಸು, ತಾಳೆ ಎಣ್ಣೆ ಸವರು, ಎದೆಗೊತ್ತಿಕೋ, ಏನು ಮಾಡಿದರೂ ತಡೆಯುತ್ತದೆ.

ಆಯಿತು ಎಂದು ಒಂದು ಸಾಲು ಬರೆ. ಕಾಯುತ್ತಿದ್ದೇನೆ.

ಬೋಸೆಡೆ


ಇಕೊರೊಡು
ಆಗಸ್ಟ್ ೨೧

ಅಕ್ಕಾ,

ಆಗಲಿಲ್ಲ.

ಓವನ್ ಹಚ್ಚಿದೆ, ನೀನು ಕಳಿಸಿದ ಥರ್ಮಾಮೀಟರು ನೂರ ಮೂವತ್ತಕ್ಕೆ ನಿಂತಿತು. ಟೈಲ್ಸಿನ ಮೇಲೆ ಮಲಗಿಸಿ ಬಾಗಿಲು ಹಾಕಿದೆ. ಗಾಜಿನಾಚೆ ಅವನು ಕಂಡ. ಕೊನೆಯ ಎರಡು ದಿನ ಅವನ ಮೈ ಹೇಗೆ ಸುಡುತ್ತಿತ್ತು, ಒದ್ದೆ ಬಟ್ಟೆ ಹೊದಿಸಿದರೆ ಹೇಗೆ ಕ್ಷಣದಲ್ಲಿ ಒಣಗುತ್ತಿತ್ತು ಎಂದು ನಿನಗೆ ಗೊತ್ತಿಲ್ಲ. ನಾನೇ ಕೈಯಾರೆ ಮತ್ತೆ ಬಿಸಿಗೆ ಹಾಕಲೇ? ಬಾಗಿಲು ತೆಗೆದು ಬರಿಗೈಯಲ್ಲೇ ಎತ್ತಿಕೊಂಡೆ. ಕೈ ಸುಟ್ಟಿತು, ಅವನಿಗೇನೂ ಆಗಲಿಲ್ಲ.

ಆಮೇಲೆ ಎರಡು ಸಲ ಹಚ್ಚಿದೆ, ಎರಡು ಸಲ ಆರಿಸಿದೆ.

ಈಗ ಹಸಿಯಾಗಿಯೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ಮೈ ಬಿಸಿಗೆ ಮೆತ್ತಗಾಗುತ್ತಾನೆ. ಮಧ್ಯಾಹ್ನದೊಳಗೆ ಮೂಗು ಚಪ್ಪಟೆ, ತುಟಿ ಒಂದು ಕಡೆಗೆ. ಸೊಂಟದ ಬಟ್ಟೆಯ ನೂಲು ಬೆನ್ನಿಗೆ ಅಂಟಿರುತ್ತದೆ. ಬಚ್ಚಲಿಗೆ ಹೋಗಿ ನೂಲು ಹೆಕ್ಕಿ, ಮುಖ ಸರಿ ಮಾಡುತ್ತೇನೆ. ನಾಳೆ ಮತ್ತೆ ಅಷ್ಟೇ. ತಾಯ್ವೋ ಈಗ ಬಾಗಿಲು ಬಡಿಯುವುದಿಲ್ಲ, ಹೊಸ್ತಿಲಿಗೆ ತಲೆಯಿಟ್ಟು ಮಲಗಿರುತ್ತಾನೆ. ಪ್ರತಿ ಸಲ ತಿದ್ದುವಾಗ ನಾನು ಏನನ್ನೋ ಮರೆಯುತ್ತಿದ್ದೇನೆ ಅನ್ನಿಸುತ್ತದೆ. ಇವತ್ತಿನ ಮುಖ ನಿನ್ನೆಯ ಮುಖದ ನಕಲು, ನಿನ್ನೆಯದು ಮೊನ್ನೆಯದರ ನಕಲು.

ಬೈಯಬೇಡ.

ಅಜೋಕೆ


ಇಬಾದಾನ್
ಸೆಪ್ಟೆಂಬರ್ ೨

ಅಜೋಕೆ,

ಮೊನ್ನೆ ಶನಿವಾರ ನಾನು ನಿನ್ನ ಗೇಟಿನ ಹೊರಗೆ ನಿಂತಿದ್ದೆ. ನಿನ್ನ ಗಂಡ ಹೇಳಿರಲಿಕ್ಕಿಲ್ಲ. ಲೇಗೋಸಿನಲ್ಲಿ ಒಂದು ಮದುವೆಗೆ ಗೊಂಬೆ ಮುಟ್ಟಿಸುವುದಿತ್ತು, ಹಾಗೇ ಇಕೊರೊಡುವಿಗೆ ಬಂದೆ. ಒಂದು ಸಾಲದು ಎಂದು ಎರಡು ಬೀಗ. ಸಂದಿಯಲ್ಲಿ ಕಂಡದ್ದು ನಿನ್ನ ಗಂಡನ ಒಂದು ಕಣ್ಣು, ಅರ್ಧ ಮೂಗು.

"ಗೇಟು ತೆಗಿಯಪ್ಪಾ ಇದೋವು."

"ಅಕ್ಕ, ಅವಳು ಈಗಷ್ಟೇ ಸುಧಾರಿಸ್ಕೊಳ್ತಿದಾಳೆ. ಎರಡು ವಾರದಿಂದ ಅತ್ತೇ ಇಲ್ಲ."

"ಅತ್ತಿಲ್ವೋ, ನಿನಗೆ ಕೇಳಿಸಿಲ್ವೋ?"

"ನೀವು ಒಳಗೆ ಬಂದ್ರೆ ಶುರುವಾಗತ್ತೆ."

"ನಾನೇನು ಈರುಳ್ಳೀನಾ?"

ಅವನಿಗೆ ನಗು ಬಂತು. ಬಂದದ್ದು ಆ ಸಂದಿಯಲ್ಲೇ ಸಿಕ್ಕಿಕೊಂಡು ಸತ್ತಿತು. ಒಳಗೆ ಹೋಗಿ ತಣ್ಣೀರಿನ ಬಾಟಲಿ ತಂದು ಕಂಬಿಗಳ ನಡುವೆ ಚಾಚಿದ. "ಬಿಸಿಲು ಅಕ್ಕ, ಕುಡೀರಿ" ಎಂದ. ಬೈಗುಳವನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಂದಿಸಿಟ್ಟುಕೊಂಡು ಬಂದಿದ್ದೆ, ಎಲ್ಲ ವ್ಯರ್ಥವಾಯಿತು. ಬೀಗ ಹಾಕಿದವನೇ ನೀರು ಕೊಟ್ಟರೆ ಹೇಗೆ ಬೈಯುವುದು? ಕುಡಿದು, ಬಾಟಲಿ ವಾಪಸು ಕೊಟ್ಟು, ಬಸ್ಸು ಹತ್ತಿದೆ.

ನೀನು ಒಳಗೆ ಸಿಕ್ಕಿಕೊಂಡಿದ್ದೀ. ಅವನೂ ಒಳಗೇ ಇದ್ದಾನೆ, ಬೀಗದಕೈ ಅವನ ಜೇಬಿನಲ್ಲಿದೆ, ಅಷ್ಟೇ ವ್ಯತ್ಯಾಸ. ಬೇಯಿಸು ಎಂದು ಇನ್ನೊಂದು ಸಲ ಹೇಳುವುದಿಲ್ಲ. ಕೈಗೆ ಏನು ಹಚ್ಚಿದೆ?

ಬೋಸೆಡೆ


ಇಕೊರೊಡು
ಅಕ್ಟೋಬರ್ ೧೨

ಅಕ್ಕಾ,

ಕೈ ವಾಸಿಯಾಯಿತು. ಇವರಿಗೆ ಗೊತ್ತಾಯಿತು.

ಪೆಟ್ರೋಲ್ ಸಿಗದೆ ಆಫೀಸು ಬೇಗ ಮುಚ್ಚಿತಂತೆ, ಮಧ್ಯಾಹ್ನವೇ ಬಂದುಬಿಟ್ಟರು. ತಾಯ್ವೋ ಬಚ್ಚಲ ಬಾಗಿಲಿಗೆ ಒರಗಿ ನೆಲದಲ್ಲಿ ನಿದ್ದೆ ಹೋಗಿದ್ದ. ಅದನ್ನು ನೋಡಿ ಗಾಬರಿಯಾಗಿ ಬಾಗಿಲಿಗೆ ಹೆಗಲು ಕೊಟ್ಟರು, ಚಿಲಕ ಕಿತ್ತುಬಂತು. ಟೈಲ್ಸಿನ ಮೇಲಿದ್ದದ್ದನ್ನು ಕಂಡದ್ದೇ ಮುಷ್ಟಿಯಲ್ಲಿ ಹಿಡಿದರು. ಮರ ಎಂದುಕೊಂಡಿದ್ದರೋ ಏನೋ, ಬೆರಳು ಒಳಗಿಳಿಯಿತು. ಬೆಚ್ಚಿ ಮುಷ್ಟಿ ಬಿಚ್ಚಿದರು. ಮುಖದ ಒಂದು ಪಾರ್ಶ್ವ ಇವರ ಅಂಗೈಗೆ ಅಂಟಿತ್ತು.

ಕೂಗುತ್ತಾರೆ ಎಂದುಕೊಂಡೆ.

"ಕಿವಿ ಹೀಗಿರ್ಲಿಲ್ಲ" ಎಂದರು. "ಕೆಹಿಂದೆಯ ಕಿವಿ ಕೆಳಗೆ ಕೆನ್ನೆಗೆ ಅಂಟ್ಕೊಂಡಿತ್ತು. ತಾಯ್ವೋದು ಬಿಡಿ. ಇಬ್ಬರನ್ನೂ ಗುರುತು ಹಿಡೀತಿದ್ದದ್ದೇ ನಾನು ಅದರಿಂದ."

ಬಕೆಟ್ಟಿನ ಪಕ್ಕ ಒದ್ದೆ ನೆಲದಲ್ಲಿ ಕೂತು, ಉಗುರಿನಿಂದ ಕಿವಿ ತಿದ್ದಿದರು. ಸರಿಯಾಗಿ ಬಂತು ಅಕ್ಕಾ. ನಾನು ಮರೆತದ್ದು ಅದನ್ನೇ.

ಆಮೇಲೆ ಹೇಳಿದರು. ಅವಳಿಗಳ ಬೆನ್ನಿಗೆ ಹುಟ್ಟಿದವನಿಗೆ ನಮ್ಮಲ್ಲಿ ಇದೋವು ಎಂದೇ ಹೆಸರು. ಇವರಿಗಿಂತ ಮೊದಲು ಹುಟ್ಟಿದ ಇಬ್ಬರು ಎಲ್ಲಿ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ನೋಡು.

"ಇಬ್ಬರೂ ನಾನು ಹುಟ್ಟೋಕೆ ಮುಂಚೆ ಹೋಗಿದ್ರು. ಗೂಡಲ್ಲಿ ಎರಡು ಮರದ ಗೊಂಬೆ. ಅಮ್ಮ ಅಲಸಂದೆ ವಡೆ ಕರೆದ್ರೆ ಮೊದಲನೇದು ಅವರಿಗೆ. ನಾನು ತಟ್ಟೆ ಹಿಡ್ಕೊಂಡು ನಿಂತಿರ್ತಿದ್ದೆ. ನನಗೆ ಜ್ವರ ಬಂದ್ರೆ ಅವರಿಗೆ ಸಿಟ್ಟು ಬಂದಿದೆ ಅಂತ ಅವರಿಗೆ ಹೊಸ ಮಣಿಸರ. ನಂಗೊಂದು ಕೈ ಹಣೆ ಮೇಲೆ ಇಟ್ಟಿದ್ರೆ ಸಾಕಿತ್ತು. ತಾಯ್ವೋ ಹಾಗೆ ತಟ್ಟೆ ಹಿಡ್ಕೊಂಡು ನಿಲ್ಲೋದು ಬೇಡ."

"ಮತ್ತೆ ನಾನೆಲ್ಲಿ ನಿಲ್ಲಲಿ?" ಎಂದೆ.

ಎದ್ದು ಪ್ಯಾಂಟು ಕೊಡವಿಕೊಂಡರು. "ಬೇಯಿಸ್ಬೇಡ. ಗಟ್ಟಿಯಾದ್ರೆ ಈ ಮನೇಲಿ ಶಾಶ್ವತ ಕೂತುಬಿಡತ್ತೆ. ಹಸಿಯಾಗೇ ಇಟ್ಕೋ, ನಿನಗೆ ಸಾಕಾಗೋ ತನಕ" ಎಂದರು. ಚಿಲಕವನ್ನು ರಿಪೇರಿ ಮಾಡಿಕೊಟ್ಟರು. ಮರುದಿನ ಎಂದಿನಂತೆ ಗೇಟಿಗೆ ಎರಡು ಬೀಗ ಹಾಕಿ ಹೋದರು.

ಕದ್ದುಮುಚ್ಚಿ ಮಾಡುವಾಗ ಅವನೊಬ್ಬ ನನ್ನವನಾಗಿದ್ದ. ಈಗ ಅವನೂ ಅಪ್ಪಣೆಯ ಮೇಲೆ ಇದ್ದಾನೆ. ಬೇಯಿಸಿದರೆ ತಾಯ್ವೋ ತಟ್ಟೆ ಹಿಡಿದು ನಿಲ್ಲುತ್ತಾನೆ, ಬೇಯಿಸದಿದ್ದರೆ ನಾನು ದಿನವೂ ಮೂಗು ತಿದ್ದುತ್ತ ಇರುತ್ತೇನೆ. ಏನು ಮಾಡಲಿ ಹೇಳು.

ಅಜೋಕೆ


ಇಬಾದಾನ್
ಅಕ್ಟೋಬರ್ ೨೫

ಅಜೋಕೆ,

ಎಲ್ಲದಕ್ಕೂ ಬೆಲೆ ಹೇಳುವ ಹೆಂಗಸು ನಾನು, ಇದಕ್ಕೆ ಹೇಳಲಾರೆ. ಅವನ ಮಾತನ್ನು ಒಂದು ತಕ್ಕಡಿಗೆ ಹಾಕಿದೆ, ನಿನ್ನದನ್ನು ಇನ್ನೊಂದಕ್ಕೆ ಹಾಕಿದೆ. ಮುಳ್ಳು ಅಲ್ಲಾಡಲಿಲ್ಲ. ಹಾಗಾಗಿ ಏನು ಮಾಡಬೇಕೆಂದು ಹೇಳುವುದಿಲ್ಲ.

ನಿನ್ನ ಕಾಗದಗಳನ್ನು ಮತ್ತೆ ಓದಿದೆ. ಒಂದರಲ್ಲಿ ತಾಯ್ವೋ ಬಾಗಿಲು ಬಡಿಯುತ್ತಾನೆ, ಒಂದರಲ್ಲಿ ಹೊಸ್ತಿಲಿಗೆ ತಲೆಯಿಟ್ಟಿದ್ದಾನೆ, ಒಂದರಲ್ಲಿ ನೆಲದ ಮೇಲೆ ನಿದ್ದೆ ಹೋಗಿದ್ದಾನೆ. ಎಲ್ಲದರಲ್ಲೂ ಹೊರಗೇ ಇದ್ದಾನೆ.

ನಿನ್ನ ಗಂಡ ಗೇಟು ತೆಗೆಯಲಿ ಬಿಡಲಿ, ಬಚ್ಚಲ ಚಿಲಕ ಇರುವುದು ನಿನ್ನ ಕೈಯಲ್ಲಿ.

ಬೋಸೆಡೆ


ಇಕೊರೊಡು
ನವೆಂಬರ್ ೨೩

ಅಕ್ಕಾ,

ನಿನ್ನ ಕಾಗದಕ್ಕೆ ಒಂದು ವಾರ ಸಿಟ್ಟು ಮಾಡಿಕೊಂಡಿದ್ದೆ. ಆಮೇಲೆ ಟೈಲ್ಸನ್ನು ಬಚ್ಚಲಿನಿಂದ ತಂದು ಅಡುಗೆಮನೆಯ ನೆಲದಲ್ಲಿಟ್ಟೆ. ತಾಯ್ವೋಗೆ ಉಳಿದ ಹಳದಿ ಕ್ಲೇ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡೆ. ಅವನು ಹಾವು ಮಾಡಿದ, ಇನ್ನೊಂದು ಹಾವು ಮಾಡಿದ. ಹೀಗೆ ಕೆಲವು ದಿನ ನಡೆಯಿತು.

ಇವತ್ತು ಇಯಾ ಸುಲಿಯಾ ಗೇಟಿನ ಬಳಿ ಕೂಗಿದಳು. ಮೆಣಸಿನಕಾಯಿ ಇಸಿದುಕೊಂಡು, ಅವಳ ಮಗಳ ಬಾಣಂತನದ ಸುದ್ದಿಯನ್ನೆಲ್ಲ ಕೇಳಿ ಬರುವಷ್ಟರಲ್ಲಿ ಟೈಲ್ಸಿನ ಮೇಲೆ ಕೆಹಿಂದೆ ಇರಲಿಲ್ಲ.

"ಏನೋ ಮಾಡಿದೆ?"

"ಇವನಿಗೆ ಕಾಲು ಕಮ್ಮಿ ಇತ್ತಮ್ಮಾ. ಇನ್ನೂ ಹಾಕ್ದೆ."

"ಇದೇನೋ?"

"ಆಡು."

"ಆಡಿಗೆ ಐದು ಕಾಲಾ?"

"ಒಂದು ಬಾಲ."

"ಬಾಲ ನೆಲಕ್ಕೆ ತಾಗಿದೆಯಲ್ಲೋ."

"ಅದಕ್ಕೆ ಸುಸ್ತಾಗಿದೆ."

ಎತ್ತಿದ ಕೈ ಹಾಗೇ ನಿಂತಿತು ಅಕ್ಕಾ. ಹೊಡೆಯಲು ಎತ್ತಿದ್ದೆನೋ, ಕಿತ್ತುಕೊಳ್ಳಲು ಎತ್ತಿದ್ದೆನೋ, ನನಗೇ ತಿಳಿಯದು. ಒಳಗಿನ ಅಲ್ಯೂಮಿನಿಯಂ ಹಾಳೆ ಎಳೆದು ಎರಡು ಕೊಂಬು ಮಾಡಿದ್ದ. ದವಡೆ ಇಲ್ಲ, ಕೆನ್ನೆ ಇಲ್ಲ. ಹೊಟ್ಟೆಯ ಮಗ್ಗುಲಲ್ಲಿ ಇವರು ಉಗುರಿನಿಂದ ತಿದ್ದಿದ ಕಿವಿ ಮಾತ್ರ ಹಾಗೇ ಉಳಿದಿತ್ತು. ತಾಯ್ವೋ ನನ್ನ ಮುಖವನ್ನೇ ನೋಡುತ್ತಿದ್ದ, ತಟ್ಟೆ ಹಿಡಿದು ನಿಂತ ಹುಡುಗನ ಹಾಗೆ.

"ಚೆನ್ನಾಗಿದೆ" ಎಂದೆ. "ಆದ್ರೆ ಹೀಗೇ ಬಿಟ್ರೆ ಕಾಲು ಕುಸಿಯತ್ತೆ. ಬೇಯಿಸ್ಬೇಕು."

ಓವನ್ ಹಚ್ಚಿದೆ. ಹಾಳೆ ತೆಗೆದ ಹೊಟ್ಟೆ ಈಗ ಗಟ್ಟಿ ಮುದ್ದೆ, ಬಿರಿಯಬಹುದು. ಬಿರಿದರೆ ಬಿರಿಯಲಿ ಎಂದು ಇಟ್ಟು ಬಾಗಿಲು ಹಾಕಿದೆ. ಈ ಕಾಗದವನ್ನು ಅದರ ಮುಂದೆ ಕೂತೇ ಬರೆಯುತ್ತಿದ್ದೇನೆ. ತಾಯ್ವೋ ಗಾಜಿನೊಳಗೆ ನೋಡುತ್ತ "ಅದಕ್ಕೆ ಬಿಸಿಯಾಗಲ್ವಾ?" ಎಂದ. ಆಗುತ್ತದೆ ಎಂದೆ. "ಆಮೇಲೆ?" ಎಂದ. ಆಮೇಲೆ ತಣ್ಣಗಾಗುತ್ತದೆ ಎಂದೆ. ಈ ಸಲ ಆರಿಸಲು ನಾನು ಏಳಲಿಲ್ಲ.

ಈಗ ಇವರು ಬಂದರು. ವಾಸನೆಗೆ ಅಡುಗೆಮನೆಯ ಬಾಗಿಲಲ್ಲೇ ನಿಂತರು. "ಏನು ಬೇಯಿಸ್ತಿದೀಯ ಅಜೋಕೆ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ತಾಯ್ವೋ "ಆಡು! ನಾನು ಮಾಡಿದ್ದು!" ಎಂದು ಕುಣಿದ. ಇವರು ಬಗ್ಗಿ ಗಾಜಿನೊಳಗೆ ನೋಡಿದರು. ಕಿವಿ ಕಂಡಿತು ಎಂದು ನನಗೆ ಗೊತ್ತಾಯಿತು. ಬ್ಯಾಗನ್ನು ಇಳಿಸದೆಯೇ ಮಗನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಇಬ್ಬರೂ ಹಾಗೇ ಕೂತಿದ್ದಾರೆ. ಕಾಲು ಯಾವುದು, ಬಾಲ ಯಾವುದು ಎಂದು ಜಗಳ ನಡೆದಿದೆ.

ನಾನು ಓವನ್ ಆರಿಸಿದ್ದೇನೆ. ತಣ್ಣಗಾಗುವ ತನಕ ಯಾರೂ ಮುಟ್ಟಬಾರದು ಎಂದು ಇಬ್ಬರಿಗೂ ಹೇಳಿದ್ದೇನೆ. ತಣ್ಣಗಾದ ಮೇಲೆ ಆಡನ್ನು ಮಗನ ಕೈಗೆ ಕೊಟ್ಟು, ಗೇಟಿನ ಬೀಗದಕೈ ಕೊಡಿ ಎಂದು ಇವರನ್ನು ಕೇಳುತ್ತೇನೆ.

ಅಜೋಕೆ